ಜೀನತಳಿಗೆ ಬರೆದುಕೊಟ್ಟ ಊರು

ಸಿಟ್ಟು ಇಳಿದ ಮೇಲೆ ಬರೆ ಎಂದು ನಮ್ಮ ಮನೆಯವರು ಹೇಳಿದರು. ಇಳಿಯುವ ಲಕ್ಷಣ ಕಾಣಲಿಲ್ಲ, ಅದಕ್ಕೇ ಬರೆಯಲು ಕೂತೆ. ನಾನು ವಿದ್ಯಾವತಿ. ವಿಜಯಪುರದ ಇಬ್ರಾಹಿಂಪುರದಲ್ಲಿ, ರೇಲ್ವೆ ಹಳಿಯ ಹತ್ತಿರ ನಮ್ಮ ಮನೆ. ಕನ್ನಡ ಸಾಲೆಯಲ್ಲಿ ಕಲಿಸಿ ನಿವೃತ್ತಳಾದವಳು, ಓಣಿಯವರಿಗೆಲ್ಲ ಇವತ್ತಿಗೂ ಅಕ್ಕೋರು. ಆದರೆ ಬರೆಯಬೇಕಾಗಿರುವುದು ನನ್ನ ಬಗ್ಗೆ ಅಲ್ಲ. ನಮ್ಮ ಗೋಡೆಗೆ ಗೋಡೆ ಹಚ್ಚಿರುವ ಮನೆಯ ಜೀನತಳ ಬಗ್ಗೆ. ಅವಳು ಹುಟ್ಟಿದ್ದು ಅದೇ ಮನೆಯ ಒಳಕೋಣೆಯಲ್ಲಿ. ಸರಕಾರದ ಕಾಗದದಲ್ಲಿ ಮಾತ್ರ ಅವಳು ಪಾಕಿಸ್ತಾನದವಳು.

ನಮ್ಮ ಕಡೆ ಹಿಂದೂಗಳಿರಲಿ ಮುಸಲ್ಮಾನರಿರಲಿ, ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಜೀನತಳ ತಾಯಿ ಮಾಸುಮಬಿಯನ್ನು ಮಮದಾಪುರಕ್ಕೆ ಕೊಟ್ಟಿದ್ದರು. ದಿನ ತುಂಬುವ ಮೊದಲೇ ಆಕೆ ಇಬ್ರಾಹಿಂಪುರಕ್ಕೆ ತನ್ನ ತಾಯಿಯ ಮನೆಗೆ ಬಂದಳು. ಜೀನತ ಇಲ್ಲಿ ಹುಟ್ಟಿದಳು. ಬಾಣಂತನ ಮುಗಿದ ಮೇಲೆ ಕೂಸನ್ನು ಎತ್ತಿಕೊಂಡು ಮಾಸುಮಬಿ ಗಂಡನ ಊರಿಗೆ ಹೋದಳು. ಜೀನತ ಬೆಳೆದದ್ದೆಲ್ಲ ಮಮದಾಪುರದಲ್ಲೇ, ದೊಡ್ಡ ಕೆರೆಯ ದಂಡೆಯ ಮೇಲೆ ಆಡು ಕಾಯುತ್ತ. ಬೇಸಿಗೆ ಸೂಟಿಗೆ ಅಜ್ಜಿಯ ಮನೆಗೆ ಬಂದಳೆಂದರೆ ಹೊತ್ತು ಮುಳುಗುವ ತನಕ ನನ್ನ ಜತೆ ಕುಂಟಬಿಲ್ಲೆ. ಸೋತರೆ ಒಪ್ಪುವವಳಲ್ಲ, ಮಹಾ ಜಗಳಗಂಟಿ. ನಿನ್ನ ಊರು ಯಾವುದು ಎಂದು ಯಾರು ಕೇಳಿದರೂ ಮಮದಾಪುರ ಎಂದು ಥಟ್ಟನೆ ಹೇಳುತ್ತಿದ್ದಳು. ಈಗಲೂ ಹಾಗೇ ಹೇಳುತ್ತಾಳೆ, ಕೇಳುವವರು ಬರೆದುಕೊಳ್ಳುವುದಿಲ್ಲ ಅಷ್ಟೇ.

ಅವಳ ತಂದೆ ಲಾಡಲೇಸಾಬರಿಗೆ ಒಬ್ಬಳೇ ತಂಗಿ, ಗಂಡನ ಜತೆ ಕರಾಚಿ ಸೇರಿದವಳು. ಅಣ್ಣನ ಮಗಳು ತನ್ನ ಸೊಸೆಯಾಗಬೇಕೆಂದು ಆಕೆ ಮೊದಲೇ ಮಾತು ತೆಗೆದುಕೊಂಡಿದ್ದಳು. ಇದೇನು ಅವರಲ್ಲಿ ಮಾತ್ರ ಇರುವ ಪದ್ಧತಿಯಲ್ಲ. ನನ್ನನ್ನೂ ಸೋದರಮಾವನಿಗೇ ಕೊಟ್ಟದ್ದು. ನನ್ನ ಸೋದರಮಾವ ಇದ್ದದ್ದು ಬಬಲೇಶ್ವರದ ಪಕ್ಕದ ಜೈನಾಪುರದಲ್ಲಿ, ಜೀನತಳ ಸೋದರತ್ತೆ ಇದ್ದದ್ದು ಕರಾಚಿಯಲ್ಲಿ. ನನಗೂ ಅವಳಿಗೂ ಇರುವ ವ್ಯತ್ಯಾಸ ಇಷ್ಟೇ. ನನಗೆ ಇಲ್ಲೇ ನೌಕರಿ ಸಿಕ್ಕಿತು, ಗಂಡನನ್ನು ಕರೆದುಕೊಂಡು ತವರಮನೆಗೇ ಬಂದು ಕೂತೆ. ಯಾವ ಕಚೇರಿಯವರೂ ಬಂದು ಯಾಕೆಂದು ಕೇಳಲಿಲ್ಲ.

ಜೀನತಳ ಮದುವೆ ಎಂಬತ್ತನೆಯ ಇಸವಿಯಲ್ಲಾಯಿತು. ಪ್ರತಿ ಸಲ ವೀಸಾದ ತಾಪತ್ರಯ ಬೇಡವೆಂದು ಗಂಡನ ಮನೆಯವರು ಆ ದೇಶದ ಪಾಸ್‌ಪೋರ್ಟು ಮಾಡಿಸಿದರು. ತೋರಿಸಿದ ಕಡೆ ಅವಳು ಸಹಿ ಹಾಕಿದಳು. ಬೇರೆ ದೇಶದ ಪೌರತ್ವ ತೆಗೆದುಕೊಂಡರೆ ಭಾರತದ ಪೌರತ್ವ ತಾನಾಗಿಯೇ ಹೋಗುತ್ತದೆ ಎಂದು ಕಾನೂನಿದೆ. ಇರಲಿ. ಆದರೆ ಹದಿಹರೆಯ ಆಗಷ್ಟೇ ಮುಗಿದ ಹುಡುಗಿಗೆ ಆ ಮಾತನ್ನು ಹೇಳಿದವರು ಯಾರು? ಅಪ್ಪ ಹೇಳಲಿಲ್ಲ, ಅವರಿಗೇ ಗೊತ್ತಿರಲಿಲ್ಲ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ ಎಂಬ ಗಾದೆ ಕೇಳಿದಾಗಲೆಲ್ಲ ನನಗೆ ಮೊದಲಿಂದಲೂ ಮೈ ಉರಿಯುತ್ತದೆ. ದೇಶಕ್ಕೂ ಹೊರಗೆ ಎನ್ನುವುದು ಜೀನತಳ ಬಾಳಿನಿಂದ ತಿಳಿಯಿತು.

ಹತ್ತು ವರ್ಷ ಸಂಸಾರ ಮಾಡಿದಳು, ಮಕ್ಕಳಾಗಲಿಲ್ಲ. ಗಂಡ ಕಾಮಾಲೆಯಿಂದ ತೀರಿಕೊಂಡ. ಅತ್ತೆ ಅದಕ್ಕೆ ಮೊದಲೇ ಹೋಗಿದ್ದಳು. ಭಾವ ಮೈದುನರಿಗೆ ವಿಧವೆ ಹೊರೆಯಾದಳು. ಲಾಡಲೇಸಾಬರು ಪಂಜಾಬದ ಗಡಿಯ ತನಕ ಹೋಗಿ ಮಗಳನ್ನು ಕರೆತಂದರು. ಒಂದು ಟ್ರಂಕು, ಒಂದು ಹೊಲಿಗೆ ಯಂತ್ರ, ಕೈಯಲ್ಲಿ ಹಸಿರು ಪಾಸ್‌ಪೋರ್ಟು. ಇಂಥ ಹೆಣ್ಣುಮಕ್ಕಳಿಗೆ ಇಲ್ಲಿ ಇರಲು ಅವಕಾಶವಿದೆ. ಅದಕ್ಕೆ ದೀರ್ಘಾವಧಿ ವೀಸಾ ಎನ್ನುತ್ತಾರೆ, ಆಗಾಗ ಹೋಗಿ ಮುಂದುವರಿಸಿಕೊಂಡು ಬರಬೇಕು. ಅದನ್ನು ಕೊಡುವ ಕಚೇರಿ ಯಾವುದೆಂದು ನಾನು ಬರೆಯುವುದಿಲ್ಲ. ಬರೆದರೆ ಜೀನತಳ ಅರ್ಜಿಗೇ ಪೆಟ್ಟು ಬಿದ್ದೀತು.

ಆ ಕಚೇರಿಯಲ್ಲಿ ಮೊದಲ ದಿನವೇ ಒಂದು ತಪ್ಪಾಯಿತು. ಇವಳು ಎಲ್ಲಿರುತ್ತಾಳೆ ಎಂದು ಅಲ್ಲಿಯವರು ಕೇಳಿದರು. ಲಾಡಲೇಸಾಬರು ಜಾಣತನ ಮಾಡಲು ಹೋದರು. ಮಗಳು ಹುಟ್ಟಿದ್ದು ತವರಲ್ಲಿ, ಅಂದರೆ ಪಟ್ಟಣದಲ್ಲಿ. ನಗರಸಭೆಯ ದಫ್ತರದಲ್ಲಿ ಅದರ ನೋಂದಣಿ ಇತ್ತು. ಮಮದಾಪುರದಲ್ಲಿ ಅವಳ ಹೆಸರಿನ ಒಂದು ಚೂರು ಕಾಗದವೂ ಇರಲಿಲ್ಲ. ಹುಟ್ಟಿದ ಊರೂ ಇರುವ ಊರೂ ಒಂದೇ ಆದರೆ ಇಲ್ಲಿಯವಳೆಂದು ಗಟ್ಟಿಯಾಗಿ ಸಾಬೀತಾಗುತ್ತದೆ ಎಂದುಕೊಂಡು ತಮ್ಮ ಅತ್ತೆಯ, ಅಂದರೆ ಜೀನತಳ ಅಜ್ಜಿಯ ಮನೆಯ ವಿಳಾಸ ಕೊಟ್ಟರು, ಇಬ್ರಾಹಿಂಪುರ. ಕಚೇರಿಯವರು ಬರೆದರು: ವಾಸಸ್ಥಳ, ಬಿಜಾಪುರ ನಗರ. ಆ ಸ್ಥಳ ಬಿಟ್ಟು ಹೊರಗೆ ಕಾಲಿಡಬೇಕಾದರೆ ಮೊದಲೇ ಅರ್ಜಿ ಕೊಟ್ಟು ಪರವಾನಿಗೆ ಪಡೆಯಬೇಕು ಎಂದು ಆಮೇಲೆ ತಿಳಿಸಿದರು. ಮಗಳನ್ನು ಮನೆಗೆ ಕರೆದೊಯ್ಯಲೆಂದು ಬಂದ ಅಪ್ಪ ಅವಳನ್ನು ಅಜ್ಜಿಯ ಮನೆಯಲ್ಲಿ ಬಿಟ್ಟು ಒಬ್ಬರೇ ಬಸ್ಸು ಹತ್ತಿದರು.

ನಾಳೆ ನಾಡಿದ್ದು ಸರಿಪಡಿಸಿದರಾಯಿತು ಎಂದುಕೊಂಡೆವು. ವಾಸಸ್ಥಳ ಬದಲಿಸಿಕೊಡಿ ಎಂದು ನಾನೇ ಅರ್ಜಿ ಬರೆದೆ. ಒಬ್ಬ ಸಾಹೇಬರು ಪೌರತ್ವದ ಅರ್ಜಿ ತೀರ್ಮಾನವಾಗಲಿ ಎಂದರು. ಅವರು ವರ್ಗವಾದರು. ಮುಂದಿನವರು ಹಳೆಯ ಕಡತ ಸಿಗಲಿಲ್ಲ, ಹೊಸದಾಗಿ ಕೊಡಿ ಎಂದರು. ಅಷ್ಟರಲ್ಲಿ ಅವಳ ಪಾಸ್‌ಪೋರ್ಟಿನ ಅವಧಿ ಮುಗಿಯಿತು. ಈಗ ಕೇಳಿರಿ ಚಂದ. ಭಾರತದ ಪೌರತ್ವ ಬೇಕಾದರೆ ಆ ದೇಶದ ಪೌರತ್ವ ಬಿಟ್ಟಿದ್ದೇನೆಂದು ಆ ದೇಶದವರಿಂದಲೇ ಕಾಗದ ತರಬೇಕು. ಅವರು, ಮುಗಿದುಹೋದ ಪಾಸ್‌ಪೋರ್ಟಿನ ಮೇಲೆ ಕಾಗದ ಕೊಡುವುದಿಲ್ಲ, ಮೊದಲು ಹೊಸದು ಮಾಡಿಸು ಎಂದರು. ಹೊಸದು ಮಾಡಿಸಬೇಕಾದರೆ ನಾನು ನಿಮ್ಮ ದೇಶದ ಪ್ರಜೆ ಎಂದು ಮತ್ತೆ ಸಹಿ ಹಾಕಬೇಕು. ಇಲ್ಲಿಯವಳಾಗಲು ಮೊದಲು ಇನ್ನೊಮ್ಮೆ ಅಲ್ಲಿಯವಳಾಗಬೇಕು. ಯಾವ ಪುಣ್ಯಾತ್ಮ ಈ ನಿಯಮ ಬರೆದನೋ, ಅವನ ಕೈಗೆ ಕಡುಬು ಕೊಡಬೇಕು. ಜೀನತ ಮಾತ್ರ ಖಡಾಖಂಡಿತ ಹೇಳಿಬಿಟ್ಟಳು, ಆ ತಪ್ಪನ್ನು ಒಮ್ಮೆ ತಿಳಿಯದೆ ಮಾಡಿದ್ದೇನೆ, ತಿಳಿದು ಮಾಡುವುದಿಲ್ಲ ಎಂದು. ಕಡೆಗೆ ಬೆಂಗಳೂರಿನ ಒಬ್ಬ ವಕೀಲರು ಬೇರೆ ದಾರಿಯಲ್ಲಿ ಅರ್ಜಿ ಹಾಕಿದರು. ಅದು ದಿಲ್ಲಿಯಲ್ಲಿದೆ ಎನ್ನುತ್ತಾರೆ.

ಇಷ್ಟರ ನಡುವೆ ಅವಳು ಬದುಕಬೇಕಲ್ಲ. ಕೌದಿ ಹೊಲಿದಳು. ಹಳೆಯ ಸೀರೆ, ಧೋತರ ಕೊಟ್ಟರೆ ಪದರ ಮೇಲೆ ಪದರ ಇಟ್ಟು, ಚೌಕಗಳ ತೇಪೆ ಹಾಕಿ ಅಂಥ ಕೌದಿ ಮಾಡಿಕೊಡುತ್ತಾಳೆ, ಚಳಿ ಮೂಗು ತೂರಿಸಲಾರದು. ನಮ್ಮ ಓಣಿಯಲ್ಲಿ ಹುಟ್ಟಿದ ಕೂಸುಗಳೆಲ್ಲ ಅವಳ ಕೌದಿಯಲ್ಲೇ ಮಲಗಿ ಎದ್ದವು. ದುಡಿಮೆ ಸಾಲದಾದಾಗ ಓಣಿಯ ಹೆಂಗಸರ ಜತೆ ತಿಕೋಟಾದ ಒಣದ್ರಾಕ್ಷಿ ಶೆಡ್ಡಿಗೆ ಹಣ್ಣು ಆರಿಸಲು ಹೊರಟಿದ್ದಳು. ಅರ್ಧ ದಾರಿಗೆ ಹೋಗಿಲ್ಲ, ತಿಕೋಟಾ ನಗರದ ಹೊರಗೆ ಎಂದು ನೆನಪಾಗಿ ಗಾಡಿ ಇಳಿದು ನಡೆದುಕೊಂಡು ವಾಪಸು ಬಂದಳು. ಬಬಲೇಶ್ವರದ ಸಂತೆಗೆ ನಾವೆಲ್ಲ ಹೋಗುತ್ತೇವೆ, ಅವಳು ಚೀಲ ಕೊಟ್ಟು ಕಳಿಸುತ್ತಾಳೆ. ಹೆಂಗಸರಿಗೆ ಬಸ್ಸು ಬಿಟ್ಟಿಯಾದ ಮೇಲೆ ಊರೊಳಗಿನ ಬಸ್ಸಿನಲ್ಲೂ ಟಿಕೆಟ್ಟಿಗೆ ದುಡ್ಡು ಕೊಡುವವಳು ಅವಳೊಬ್ಬಳೇ. ಆಧಾರ ಮರೆತು ಬಂದೀರೇನ್ರಿ ಎಂದು ಹೆಂಗಸರು ಚೇಷ್ಟೆ ಮಾಡುತ್ತಾರೆ. ಹೌದವ್ವ, ಮರತೇನಿ ಎಂದು ಅವಳೂ ನಗುತ್ತಾಳೆ. ಪಕ್ಕದಲ್ಲಿ ಕೂತ ನನಗೆ ಕಣ್ಣಲ್ಲಿ ಕೆಂಡ.

ತಂದೆ ತೀರಿಕೊಂಡದ್ದು ವಿಜಯಪುರದ ದವಾಖಾನೆಯಲ್ಲಿ, ಹಾಗಾಗಿ ಕೊನೆಗಾಲಕ್ಕೆ ಪಕ್ಕದಲ್ಲಿದ್ದಳು. ಹೆಣ ಮಮದಾಪುರಕ್ಕೆ ಹೋಯಿತು, ಅವಳು ಉಳಿದಳು. ಆಮೇಲೆ ಮಾಸುಮಬಿಯೇ ತಿಂಗಳಿಗೊಮ್ಮೆ ಬಸ್ಸಿನಲ್ಲಿ ಬರುತ್ತಿದ್ದಳು, ಜೋಳದ ಹಿಟ್ಟು, ಶೇಂಗಾ ಹಿಂಡಿ ಕಟ್ಟಿಕೊಂಡು. ಮಗಳ ತಲೆಗೆ ಎಣ್ಣೆ ತಿಕ್ಕಿ, ಅರವತ್ತು ದಾಟಿದ ಮಗಳಿಗೆ ಬೈದು, ಸಂಜೆಯ ಬಸ್ಸಿಗೆ ಹೋಗುತ್ತಿದ್ದಳು. ಮೊಣಕಾಲು ಕೈಕೊಟ್ಟ ಮೇಲೆ ಅದೂ ನಿಂತಿತು. ಜೀನತಳ ತಮ್ಮ ಲಾಲಸಾಬ ಫೋನಿನಲ್ಲಿ ತಾಯಿಯ ಮುಖ ತೋರಿಸುತ್ತಿದ್ದ.

ಕಾಶ್ಮೀರದಲ್ಲಿ ಪ್ರವಾಸಿಗರನ್ನು ಕೊಂದ ಏಪ್ರಿಲ್ ತಿಂಗಳು ನೆನಪಿರಬೇಕಲ್ಲ? ಆ ಪಾಪಿಗಳ ಕೈ ಸೇದಿಹೋಗಲಿ. ಪಾಕಿಸ್ತಾನದವರೆಲ್ಲ ದೇಶ ಬಿಡಬೇಕೆಂದು ಟಿವಿಯಲ್ಲಿ ಬಂತು. ದೀರ್ಘಾವಧಿ ವೀಸಾದವರಿಗೆ ಅದು ಅನ್ವಯಿಸುವುದಿಲ್ಲ ಎಂದೂ ಬಂತು, ಆದರೆ ಅದನ್ನು ಕೇಳಿಸಿಕೊಳ್ಳುವ ಪುರಸೊತ್ತು ಯಾರಿಗಿತ್ತು? ಮೈಕು ಹಿಡಿದ ಒಬ್ಬ ತರುಣ ಜೀನತಳ ಬಾಗಿಲಿಗೆ ಬಂದು, ನೀವು ಯಾವ ದೇಶಕ್ಕೆ ನಿಷ್ಠರು ಎಂದು ಕೇಳಿದ. ನಾನು ಲಟ್ಟಣಿಗೆ ಹಿಡಿದೇ ಹೊರಗೆ ಬಂದೆ. ಅವನು ನನ್ನ ಹಳೆಯ ವಿದ್ಯಾರ್ಥಿನಿ ಅನುರಾಧಾಳ ಮಗ. ಕೂಸಿದ್ದಾಗ ನೀನು ಯಾರ ಕೌದಿ ಹಸಿ ಮಾಡುತ್ತಿದ್ದೆ, ನಿಮ್ಮವ್ವನನ್ನು ಕೇಳಿಕೊಂಡು ಬಾ ಎಂದೆ. ಹುಡುಗ ಮೈಕು ಕೆಳಗಿಳಿಸಿ ಹೋದ. ಜೀನತ ಆ ದಿನ ಊಟ ಮಾಡಲಿಲ್ಲ. ಅವಳಿಗೆ ಗಾಬರಿಯಾಗಿದ್ದದ್ದು ತನ್ನನ್ನು ಕಳಿಸಿಬಿಟ್ಟಾರು ಎಂದಲ್ಲ, ತಾಯಿ ಬದುಕಿರುವಾಗ ಕಳಿಸಿಬಿಟ್ಟಾರು ಎಂದು.

ಯಾಕೆಂದರೆ ಮಾಸುಮಬಿ ಮಗಳಿಂದ ಒಂದು ಮಾತು ತೆಗೆದುಕೊಂಡಿದ್ದಳು. ಅವರಲ್ಲಿ ಹೆಂಗಸು ಸತ್ತರೆ ಮಣ್ಣಿಗೆ ಒಯ್ಯುವ ಮೊದಲು ಮೈ ತೊಳೆಯುವವರು ಹತ್ತಿರದ ಹೆಂಗಸರು. ಹೆತ್ತ ಮಗಳಿದ್ದರೆ ಅವಳೇ ಮುಂದು. ಮತ್ತೆ ನಮ್ಮಲ್ಲಿ ತವರಿನ ಸೀರೆ ಉಡಿಸಿ ಕಳಿಸುವ ಹಾಗೆ ಅವರ ಮನೆತನದಲ್ಲಿ ಕಫನದ ಬಿಳಿ ಬಟ್ಟೆ ತವರಿನಿಂದ ಬರಬೇಕು. ಮಾಸುಮಬಿಯ ತವರಿನಲ್ಲಿ ಈಗ ಉಳಿದವಳು ಜೀನತ ಒಬ್ಬಳೇ. ನನ್ನ ತಲೆಗೆ ನೀನೇ ನೀರು ಹಾಕಬೇಕು, ನನ್ನ ಬಟ್ಟೆ ನೀನೇ ತರಬೇಕು ಎಂದು ಮುದುಕಿ ಫೋನಿನಲ್ಲಿ ಕಂಡಾಗಲೆಲ್ಲ ಹೇಳುತ್ತಿದ್ದಳು. ಜೀನತ ಹ್ಞೂಂ ಅನ್ನುತ್ತಿದ್ದಳು. ಬಟ್ಟೆ ತಂದು ಟ್ರಂಕಿನಲ್ಲಿ ಇಟ್ಟಿದ್ದಳು.

ಹಿಂಗಾರಿಯ ಜೋಳ ಬಿತ್ತುವ ಹೊತ್ತಿಗೆ ಮಾಸುಮಬಿ ಹಾಸಿಗೆ ಹಿಡಿದಳು. ಮಮದಾಪುರಕ್ಕೆ ಹೋಗಿ ಇರಲು ಪರವಾನಿಗೆ ಬೇಕೆಂದು ಅರ್ಜಿ ಕೊಟ್ಟೆವು. ಕಾಯಿಲೆಗೆ ಡಾಕ್ಟರರ ಚೀಟಿ ಬೇಕೆಂದರು, ಲಾಲಸಾಬ ತಂದುಕೊಟ್ಟ. ಚೀಟಿಯಲ್ಲಿ ವಯಸ್ಸಾದ ನಿಶ್ಶಕ್ತಿ ಎಂದಿದೆ, ಗಂಭೀರ ಎಂದಿಲ್ಲ ಅಂದರು. ಇನ್ನೊಂದು ಚೀಟಿ ತಂದ. ಏಪ್ರಿಲ್ ಆದ ಮೇಲೆ ಇಂಥದ್ದನ್ನೆಲ್ಲ ಮೇಲಿನವರೇ ನೋಡುತ್ತಾರೆ, ಕಳಿಸಿದ್ದೇವೆ ಎಂದರು. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ, ಇಲ್ಲಿ ದೇವರೂ ಕೊಡಲಿಲ್ಲ. ಒಂದು ದಿನ ಬೆಳಕು ಹರಿಯುವಾಗ ಗೋಡೆಯಾಚೆ ಜೀನತ ನನ್ನ ಹೆಸರು ಕೂಗಿದಳು. ಹೋಗಿ ನೋಡಿದರೆ ಫೋನು ಕೈಯಲ್ಲಿ ಹಿಡಿದು ನಿಂತಿದ್ದಾಳೆ. ಆ ಕಡೆ ಲಾಲಸಾಬ ಅಳುತ್ತಿದ್ದ.

ಕಚೇರಿಯ ಬಾಗಿಲು ತೆಗೆಯುವ ಮೊದಲೇ ನಾವಿಬ್ಬರೂ ಮೆಟ್ಟಿಲ ಮೇಲಿದ್ದೆವು. ಜೀನತಳ ಕಂಕುಳಲ್ಲಿ ಬಿಳಿ ಬಟ್ಟೆಯ ಗಂಟು. ಅವರಲ್ಲಿ ಮಣ್ಣು ತಡ ಮಾಡುವುದಿಲ್ಲ, ಸಂಜೆಯೊಳಗೆ ಆಗಬೇಕು. ಅರುಣಕುಮಾರ ಎಂಬ ಹೊಸ ಅಧಿಕಾರಿ ಬಂದರು. ಕೆಟ್ಟ ಮನುಷ್ಯ ಎನ್ನಲಾರೆ, ಕುರ್ಚಿ ಕೊಟ್ಟರು, ಚಹಾ ತರಿಸಿದರು. ಮೇಲಿನವರಿಗೆ ಫೋನು ಹಚ್ಚಿದರು, ನಮ್ಮ ಎದುರಿಗೇ ಬಹಳ ಹೊತ್ತು ಮಾತಾಡಿದರು. ಆಮೇಲೆ ನನ್ನ ಮುಖ ನೋಡದೆ ಹೇಳಿದರು.

"ಅಕ್ಕೋರ, ತುರ್ತು ಪರವಾನಿಗಿ ಕೊಡಾಕ ಬರತೈತಂತ. ಆದ್ರ ಮರಣದ ಪ್ರಮಾಣಪತ್ರ ಹಚ್ಚಬೇಕಂತರಿ."

ಪ್ರಮಾಣಪತ್ರ ಮಣ್ಣಾದ ಮೇಲೆ ತಾನೇ ಸಿಗುವುದು ಎಂದೆ. ಹೌದು ಎಂದರು. ಮಣ್ಣಾದ ಮೇಲೆ ಇವಳು ಅಲ್ಲಿ ಹೋಗಿ ಏನು ತೊಳೆಯಬೇಕು, ನಿಮ್ಮ ಕಡತವನ್ನೇ? ಎಂದು ಕೇಳಿದೆ. ನನ್ನ ದನಿ ಏರಿತ್ತು, ಹೊರಗಿನ ಪೇದೆ ಇಣುಕಿದ. ಒಂದು ಕಾಲಕ್ಕೆ ಇಡೀ ತರಗತಿಯನ್ನು ನಡುಗಿಸಿದ ದನಿ ಅದು, ಆ ಕೋಣೆಯಲ್ಲಿ ಒಂದು ಕಾಗದವನ್ನೂ ಅಲುಗಾಡಿಸಲಿಲ್ಲ. ನೀವು ಹೇಳೂದು ಖರೇನ ಐತ್ರಿ ಎಂದು ಅಧಿಕಾರಿ ತಲೆ ತಗ್ಗಿಸಿದರು. ಪರವಾನಿಗೆ ಇಲ್ಲದೆ ಮಾತ್ರ ಹೋಗಬೇಡಿ, ದಿಲ್ಲಿಯಲ್ಲಿ ಅರ್ಜಿ ಇರುವಾಗ ಉಲ್ಲಂಘನೆ ಆಯಿತೆಂದರೆ ಅರ್ಜಿಯೂ ಹೋಗುತ್ತದೆ, ವೀಸಾ ಕೂಡ ಹೋಗಬಹುದು ಎಂದು ಎಚ್ಚರಿಸಿದರು. ಜೀನತ ಚಹಾ ಹಾಗೇ ಬಿಟ್ಟು ಎದ್ದಳು.

ಹೊರಗೆ ಬಂದು ಲಾಲಸಾಬನಿಗೆ ನಾನೇ ಫೋನು ಮಾಡಿದೆ. ನಿನ್ನ ಹೆಂಡತಿಯೇ ನೀರು ಹಾಕಲಿ, ಬಟ್ಟೆಯನ್ನು ಬಸ್ಸಿನಲ್ಲಿ ಕಳಿಸುತ್ತೇನೆ ಎಂದೆ. ಅವನು ಅಲ್ಲಿದ್ದವರಿಗೆ ಅದನ್ನೇ ಹೇಳಿದ. ಆ ಕಡೆ ಹಿರಿಯರ ಮಾತು ಕೇಳಿಸುತ್ತಿತ್ತು.

"ಬ್ಯಾಡ್ರಿ ಅಕ್ಕೋರ," ಅಂದ. "ಅಕ್ಕಾ ಬರಾಕ ಆಗೂದಿಲ್ಲಂದ್ರ ಅಮ್ಮನ್ನ ತವರಿಗೆ ನಾವ ಕರಕೊಂಡ ಬರತೀವಿ. ಈಗ ಆಕೀನ ಯಾರೂ ಪರವಾನಿಗಿ ಕೇಳೂದಿಲ್ಲ."

ಮಧ್ಯಾಹ್ನದ ಹೊತ್ತಿಗೆ ಟೆಂಪೋ ಬಂತು. ಮುಂದೆ ಚಾಲಕ, ಹಿಂದೆ ಲಾಲಸಾಬ, ಅವನ ಹೆಂಡತಿ ಮುಮತಾಜ, ಮಮದಾಪುರದ ನಾಲ್ಕೈದು ಜನ, ನಡುವೆ ಮಾಸುಮಬಿ. ಓಣಿಯ ಗಂಡಸರು ಇಳಿಸಿಕೊಂಡರು. ಚೊಚ್ಚಲ ಹೆರಿಗೆಗೆ ಬಂದಾಗ ಆಕೆ ಮಲಗಿದ್ದ ಒಳಕೋಣೆಗೇ ಒಯ್ದರು, ಬೇರೆ ಕೋಣೆ ಆ ಮನೆಯಲ್ಲಿ ಇಲ್ಲ. ನೀರು ಕಾಯಿಸಿಕೊಟ್ಟದ್ದು ನಾನು. ಬಾಗಿಲು ಹಾಕಿಕೊಂಡ ಮೇಲೆ ಒಳಗೆ ಏನಾಯಿತೋ ನೋಡಿಲ್ಲ, ನೋಡಬಾರದು. ನೀರು ಸುರಿಯುವ ಸದ್ದು, ಜೀನತ ತಾಯಿಯ ಜತೆ ಮೆಲ್ಲಗೆ ಮಾತಾಡುವ ಸದ್ದು ಕೇಳುತ್ತಿತ್ತು. ಬಾಗಿಲು ತೆಗೆದಾಗ ಮಾಸುಮಬಿ ತವರಿನ ಬಟ್ಟೆಯಲ್ಲಿದ್ದಳು. ಜೀನತಳ ತೋಳು ಮೊಣಕೈ ತನಕ ಒದ್ದೆಯಾಗಿತ್ತು. ಅಷ್ಟರ ಮಟ್ಟಿಗೆ ಕೊಟ್ಟ ಮಾತು ನಡೆಯಿತು.

ಇನ್ನು ಮಮದಾಪುರಕ್ಕೆ ಹೊರಡಬೇಕು, ಲಾಡಲೇಸಾಬರ ಪಕ್ಕದಲ್ಲಿ ಜಾಗ ತೋಡಿಸಿದ್ದರು. ಊರ ಕೊನೆಯ ತನಕ ಬರುತ್ತೇನೆಂದು ಜೀನತ ಟೆಂಪೋ ಹತ್ತಿ ತಾಯಿಯ ತಲೆಯ ಹತ್ತಿರ ಕೂತಳು, ಅವಳ ಪಕ್ಕದಲ್ಲಿ ನಾನು. ಬಬಲೇಶ್ವರದ ರಸ್ತೆಯಲ್ಲಿ ನಗರದ ಹದ್ದು ಮುಗಿಯುವ ಕಡೆ ಟೆಂಪೋ ನಿಲ್ಲಿಸಿ ಎಂದಳು. ಅಲ್ಲಿ ಚೌಕಿಯೂ ಇಲ್ಲ, ಪೊಲೀಸರೂ ಇಲ್ಲ. ಒಂದು ಪಂಚರ್ ಅಂಗಡಿ, ಅದರಾಚೆ ಜೋಳದ ಹೊಲ. ಜೀನತ ಇಳಿದಳು. ಲಾಲಸಾಬ ಮೇಲಿನಿಂದ ಕೈ ಚಾಚಿದ.

"ಹತ್ತ ಅಕ್ಕಾ. ಬುರ್ಖಾ ಹಾಕ್ಕೊಂಡ ಕುಂತ್ರ ಯಾರ ಗುರ್ತ ಹಿಡೀತಾರ? ಸಂಜೀಕ ವಾಪಸ ಬಿಡತೀನಿ."

ಜೀನತ ತಮ್ಮನ ಕೈ ಹಿಡಿದುಕೊಂಡಳು, ಹತ್ತಲಿಲ್ಲ.

"ಯಾರೂ ಹಿಡ್ಯಾಂಗಿಲ್ಲಂತ ನನಗೂ ಗೊತ್ತೈತಿ," ಅಂದಳು. "ಆದ್ರ ನನ್ನೂರಿಗೆ ನಾ ಕಳ್ಳಿ ಹಂಗ ಬರೂದಿಲ್ಲ ಲಾಲ್ಯಾ. ಅಮ್ಮನ ಕರಕೊಂಡ ಹೋಗ."

ಆಮೇಲೆ ನನ್ನ ಕಡೆ ತಿರುಗಿ, ನೀನು ಇಳಿಯಬೇಡ, ಊರಿನ ಮನೆಯ ತನಕ ಅಮ್ಮನ ಜತೆ ಹೋಗು ಎಂದಳು. ಟೆಂಪೋ ಹೊರಟಿತು. ರಸ್ತೆ ತಿರುಗುವ ತನಕ ಅವಳು ಆ ಪಂಚರ್ ಅಂಗಡಿಯ ಮುಂದೆ ನಿಂತಿರುವುದು ಕಾಣುತ್ತಿತ್ತು. ಹೆತ್ತ ಮಗಳು ರಸ್ತೆಯಲ್ಲಿ, ಆ ಮುದುಕಿಗೆ ರಕ್ತಸಂಬಂಧದಲ್ಲಿ ಏನೂ ಅಲ್ಲದ ನಾನು ಆಕೆಯ ತಲೆದೆಸೆಯಲ್ಲಿ.

ಬಬಲೇಶ್ವರ ದಾಟಿದೆವು. ಅಲ್ಲಿ ಪೊಲೀಸರು ಗಾಡಿಗಳನ್ನು ತಡೆದು ನೋಡುತ್ತಿದ್ದರು. ಒಬ್ಬ ಪೇದೆ ಹಿಂದೆ ಬಂದು ಇಣುಕಿದ, ಹೆಣ ನೋಡಿ ಟೋಪಿ ತೆಗೆದ, ನನ್ನನ್ನು ನೋಡಿ ಮಗಳೇನ್ರಿ ಎಂದು ಕೇಳಿದ. ನಾನು ಹೌದೆಂದೆ. ಹೋಗ್ರಿ ಎಂದು ಕೈ ಬೀಸಿದ. ಮುಂಜಾನೆ ಉಟ್ಟ ಸೀರೆಯಲ್ಲೇ ಮನೆಯಿಂದ ಓಡಿ ಬಂದವಳು ನಾನು. ನನ್ನ ಹತ್ತಿರ ಆಗ ಚೀಲವಿರಲಿಲ್ಲ, ಆಧಾರವಿರಲಿಲ್ಲ, ನಾನು ಯಾರೆಂದು ಹೇಳುವ ಒಂದು ಕಾಗದವೂ ಇರಲಿಲ್ಲ.